ಕಮಿನ್ಸ್ ರಾಮ್ 2500, ಫೋರ್ಡ್ ಎಫ್-250: ಎರಡನ್ನೂ ಸಾಕಿದವರು ಯಾರಾದ್ರೂ ಇದೀರಾ?

ಆಸ್ಟಿನ್ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನಿರೋದು ಟೆಕ್ಸಾಸ್‌ನಲ್ಲಿ, ಆಸ್ಟಿನ್ ಹತ್ತಿರ. ಮನೇಲಿ ನಾವಿಬ್ಬರು, ಎರಡು ಮಕ್ಕಳು, 70 ಪೌಂಡಿನ ಒಂದು ನಾಯಿ. ಹೋದ ತಿಂಗಳು ಒಂದು ಫಿಫ್ತ್ ವೀಲ್ ಕ್ಯಾಂಪರ್‌ಗೆ ಅಡ್ವಾನ್ಸ್ ಕೊಟ್ಟು ಬಂದ್ವಿ, ಅದೇ ಪಿಕಪ್ಪಿನ ಬೆನ್ನ ಮೇಲೆ ಮೂತಿ ಇಟ್ಟು ಎಳೆಯೋ ಮನೆ-ಟ್ರೇಲರ್. ಖಾಲಿ ತೂಕ 9,800 ಪೌಂಡ್, ತುಂಬಿಸಿದ್ರೆ 12,000 ದಾಟಬಾರದು ಅಂತ ಬರೆದಿದೆ. ಈಗ ಅದನ್ನ ಎಳೆಯೋಕೆ ಪಿಕಪ್ ಗಾಡಿ ಹುಡುಕ್ತಾ ಇದೀನಿ. ಲಗಾಮು ಮೊದಲು ತಗೊಂಡು ಆಮೇಲೆ ಕುದುರೆ ಹುಡುಕೋ ಕಥೆ, ಗೊತ್ತು. ಹೆಂಡತಿ ದಿನಾ ನೆನಪಿಸ್ತಾಳೆ.

ಎರಡಕ್ಕೆ ಬಂದು ನಿಂತಿದೆ. ಒಂದು ರಾಮ್ 2500, ಅದರಲ್ಲಿ ಕಮಿನ್ಸ್ ಕಂಪನಿಯ 6.7 ಲೀಟರ್ ಡೀಸೆಲ್ ಎಂಜಿನ್. ಇನ್ನೊಂದು ಫೋರ್ಡ್ ಎಫ್-250, ಅದರಲ್ಲಿ ಫೋರ್ಡ್‌ನ 6.7 ಪವರ್‌ಸ್ಟ್ರೋಕ್ ಡೀಸೆಲ್. ಎರಡೂ ಮೂರ್ನಾಲ್ಕು ವರ್ಷ ಹಳೇದು. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬ ಇದೇ ದೇವರು ಅಂತಾನೆ, ಇನ್ನೊಬ್ಬ ಅದೇ ದೇವರು ಅಂತಾನೆ. ಒಂದು ತಗೊಂಡು ಮಾರಿ, ಆಮೇಲೆ ಇನ್ನೊಂದು ತಗೊಂಡವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ವರ್ಷಕ್ಕೆ ಎರಡು ಸಲ ಕೊಲೊರಾಡೋ ಕಡೆ ಬೆಟ್ಟಕ್ಕೆ ಬರೋ ಪ್ಲಾನು. ಉಳಿದಂತೆ ಮಕ್ಕಳ ಸ್ಕೂಲು, ಕಾಸ್ಟ್ಕೋ ಅಂಗಡಿ, ಅಷ್ಟೇ.

ಹುಲ್ಲಿನ ಲೋಡು:

ನಾನಿದೀನಿ. ಡೆನ್ವರ್‌ನಿಂದ ಪೂರ್ವಕ್ಕೆ ಒಂದು ಗಂಟೆ ದಾರಿ, ಬಯಲು ಸೀಮೆ. ಹೊಟ್ಟೆಪಾಡಿಗೆ ಮನೆಯಿಂದಲೇ ಕಂಪ್ಯೂಟರ್ ಕೆಲಸ. ಹೆಂಡತಿ ಇಪ್ಪತ್ತು ಆಡು, ಎರಡು ಕುದುರೆ ಸಾಕಿದಾಳೆ, ಆಡಿನ ಹಾಲಲ್ಲಿ ಸೋಪು ಮಾಡಿ ಮಾರ್ತಾಳೆ. ಅವುಗಳ ಹೊಟ್ಟೆಪಾಡಿಗೆ ನಾನು ಡ್ರೈವರ್. 2019ರ ರಾಮ್ 2500 ಕಮಿನ್ಸ್ ಹೊಸದು ತಗೊಂಡು 71,000 ಮೈಲಿ ಓಡಿಸಿ ಮಾರಿದೆ. 2022ರಿಂದ ಎಫ್-250 ಪವರ್‌ಸ್ಟ್ರೋಕ್, 58,000 ಆಗಿದೆ. ಎರಡಕ್ಕೂ ಒಂದೇ ಕೆಲಸ. ಸ್ಯಾನ್ ಲೂಯಿ ಕಣಿವೆಯಿಂದ ಅಲ್ಫಾಲ್ಫಾ ಹುಲ್ಲು ತರೋದು. ಹೈವೇ 285 ಹಿಡಿದು, ಪೊಂಚಾ ಪಾಸ್ ಹತ್ತಿ ಇಳಿದು, ಫೇರ್‌ಪ್ಲೇ ದಾಟಿ, 10,000 ಅಡಿ ಎತ್ತರದ ಕೆನೋಶಾ ಪಾಸ್ ಹತ್ತಿ, ಬೇಲಿ ಊರಿಗೆ ಇಳಿದು, ಮತ್ತೆ ಕ್ರೋ ಹಿಲ್ ಹತ್ತಿ ಮನೆಗೆ. ಹಾಗಾಗಿ ನಾನು ಹೇಳೋದು ಈ ಒಂದು ರಸ್ತೆ ಮೇಲೆ ನೋಡಿದ್ದು.

ಮೊದಲು ಎಂಜಿನ್ ವಿಷಯ ಮುಗಿಸಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಹೊಡೆದಾಡೋದು ಅಲ್ಲೇ, ನಿಮಗೆ ಕಮ್ಮಿ ಮುಖ್ಯವಾದದ್ದೂ ಅದೇ. ನನ್ನ ರಾಮ್‌ದು 370 ಎಚ್‌ಪಿ, 850 ಪೌಂಡ್-ಫೂಟ್ ಟಾರ್ಕ್, 6 ಗೇರಿನ ಆಟೊಮ್ಯಾಟಿಕ್. ಫೋರ್ಡ್‌ದು 475 ಎಚ್‌ಪಿ, 1,050 ಪೌಂಡ್-ಫೂಟ್, 10 ಗೇರು. ಕಾಗದದ ಮೇಲೆ ಅಜಗಜಾಂತರ. ಕ್ರೋ ಹಿಲ್ ಮೇಲೆ ಅದೇ ಲೋಡು, ಅದೇ ಟ್ರೇಲರ್ ಎಳೆದ್ರೆ ಫೋರ್ಡ್ ಒಂದಿಷ್ಟು ಮೊದಲು ಮೇಲೆ ಹೋಗುತ್ತೆ. ಮುಂದೆ ಯಾವುದೋ ಸೆಮಿ ಟ್ರಕ್ಕು, ಅಂದ್ರೆ ಉದ್ದ ಟ್ರೇಲರಿನ ದೊಡ್ಡ ಲಾರಿ, ಗಂಟೆಗೆ 35 ಮೈಲಿಯಲ್ಲಿ ತೆವಳ್ತಿರುತ್ತೆ, ಅದರ ಹಿಂದೆ ಹೋಗಿ ನಿಲ್ಲುತ್ತೆ. ಅಲ್ಲಿಗೆ ಮುಗೀತು.

ಗೇರಿನ ವ್ಯತ್ಯಾಸ ಮಾತ್ರ ನಿಜವಾಗ್ಲೂ ಗೊತ್ತಾಗುತ್ತೆ. 6 ಗೇರಲ್ಲಿ ಏರು ಹತ್ತುವಾಗ ಒಂದು ಗೇರು ಸ್ವಲ್ಪ ಹೆಚ್ಚಾಯ್ತು, ಕೆಳಗಿನದು ಸ್ವಲ್ಪ ಕಮ್ಮಿಯಾಯ್ತು ಅನ್ನೋ ಜಾಗ ಬರುತ್ತೆ. ಆಗ ನಾನೇ ಕಾಲು ಸಡಿಲಿಸಿ ಗಂಟೆಗೆ 5 ಮೈಲಿ ಬಿಟ್ಟುಕೊಡ್ತಿದ್ದೆ. 10 ಗೇರಲ್ಲಿ ಎಲ್ಲಿ ನಿಂತ್ರೂ ಯಾವುದೋ ಒಂದು ಗೇರು ಸರಿಹೋಗುತ್ತೆ.

ಶಬ್ದದ ವಿಷಯಕ್ಕೆ ಬಂದ್ರೆ ನಾನು ಪಕ್ಷಪಾತಿ. ಕಮಿನ್ಸ್ ಆರು ಸಿಲಿಂಡರ್ ಒಂದೇ ಸಾಲಲ್ಲಿರೋ ಎಂಜಿನ್. ಲಾರಿ, ಜನರೇಟರ್ ವಂಶ. ಈ ಪಿಕಪ್ಪಿಗೆ ಕಮಿನ್ಸ್ ಹಾಕೋಕೆ ಶುರು ಮಾಡಿದ್ದು 1989ರ ಮಾಡೆಲ್‌ನಿಂದ, ಆಗ 5.9 ಲೀಟರು. ನಮ್ಮಲ್ಲಿ ಅದಕ್ಕಿಂತ ಮುಂಚೆ, 1962ರಿಂದಲೇ ಪುಣೆಯ ಕಿರ್ಲೋಸ್ಕರ್ ಕಮಿನ್ಸ್ ಇತ್ತಲ್ಲ. ಮೊದಲ ದಿನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಎಂಜಿನ್ ಶಬ್ದ ಕೇಳಿಸಿದೆ. ಅವರು ಇಪ್ಪತ್ತು ವರ್ಷ ಲಾರಿ ಹೊಡೆದವರು. ಒಂದು ನಿಮಿಷ ಕೇಳಿ, "ಏನಯ್ಯಾ, ಮದುವೆ ಛತ್ರದ ಜನರೇಟರ್ ತಗೊಂಡಿದೀಯಾ?" ಅಂದ್ರು. ಫೋರ್ಡ್ ವಿ-8. ಒಳಗೆ ಕೂತ್ರೆ ಡೀಸೆಲ್ ಅಂತ ಮರೆತುಹೋಗುವಷ್ಟು ಸುಮ್ಮನಿರುತ್ತೆ. ಹೆಂಡತಿಗೆ ಅದು ಇಷ್ಟ, ನನಗೆ ಏನೋ ಕಳಕೊಂಡ ಹಾಗೆ.

ಈಗ ವಿಷಯಕ್ಕೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಬನ್ನಿ.

ರಾಮ್ ತಗೊಂಡು ಎರಡನೇ ವರ್ಷ. 100 ಪಿಂಡಿ ಹುಲ್ಲು, ಪಿಂಡಿಗೆ ಸುಮಾರು 65 ಪೌಂಡ್. ಪಿಕಪ್ಪಿನ ಬೆಡ್ ಮಧ್ಯಕ್ಕೆ ಕೊಂಡಿ ಹಾಕೋ ಗೂಸ್‌ನೆಕ್ ಟ್ರೇಲರ್ 4,500. ಒಟ್ಟು 11,000 ಆಯ್ತು. ಎಳೆಯೋ ಸಾಮರ್ಥ್ಯ ಕಂಪನಿ ಪುಸ್ತಕದಲ್ಲಿ ಅದಕ್ಕಿಂತ ಎಷ್ಟೋ ಮೇಲಿದೆ. ಹಾಯಾಗಿದ್ದೆ. ಹಿಂದಿನಿಂದ ಬರ್ತಿದ್ದ ನಮ್ಮ ಹುಲ್ಲಿನ ರೈತ ಫೋನ್ ಮಾಡಿ, ನಿನ್ನ ಗಾಡಿ ಆಕಾಶ ನೋಡ್ತಾ ಇದೆ ಅಂದ. ಇಳಿದು ನೋಡಿದ್ರೆ ಹೌದು. ಹಿಂಭಾಗ ಕುಕ್ಕರಗಾಲಲ್ಲಿ ಕೂತಿದೆ, ಹೆಡ್‌ಲೈಟು ಪೈನ್ ಮರದ ತುದಿಗೆ ಹೊಡೀತಿದೆ. ಎದುರಿಗೆ ಬರೋರೆಲ್ಲ ಯಾಕೆ ಡಿಮ್ಮು ಡಿಪ್ಪು ಮಾಡ್ತಿದ್ರು ಅಂತ ಆಗ ಅರ್ಥ ಆಯ್ತು.

ವಾಪಸ್ ಬರೋವಾಗ ಒಂದು ಟ್ರಕ್ ಸ್ಟಾಪಲ್ಲಿ ಲಾರಿ ತೂಗೋ ಕ್ಯಾಟ್ ಸ್ಕೇಲ್ ಮೇಲೆ ಹತ್ತಿಸಿದೆ. ಅದರಲ್ಲಿ ಮೂರು ಹಲಗೆ ಇರುತ್ತೆ. ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೇಲರ್ ಮೂರನೇದರ ಮೇಲೆ ನಿಲ್ಲಬೇಕು. ಅಲ್ಲಿರೋ ಬಟನ್ ಸೆಮಿ ಡ್ರೈವರ್‌ಗಳ ಎತ್ತರಕ್ಕೆ ಇಟ್ಟಿರ್ತಾರೆ. ನಾನು ಕಿಟಕಿಯಿಂದ ಅರ್ಧ ಹೊರಗೆ ನೇತಾಡಿ ಒತ್ತಿದೆ. ಚೀಟಿ ಇನ್ನೂ ಡ್ಯಾಶ್‌ಬೋರ್ಡ್ ಡಬ್ಬೀಲಿ ಇಟ್ಕೊಂಡಿದೀನಿ: ಮುಂದೆ 4,870, ಹಿಂದೆ 5,760, ಟ್ರೇಲರ್ ಚಕ್ರಗಳ ಮೇಲೆ 8,800. ಮೊದಲ ಎರಡು ಕೂಡಿಸಿ. 10,630. ಗಾಡಿ, ಅದರ ಮೇಲಿನ ಭಾರ ಎಲ್ಲ ಸೇರಿ ಒಟ್ಟು ಮಿತಿ 10,000. ಹಿಂದಿನ ಆಕ್ಸಲ್‌ನ ಮಿತಿ ದಾಟಿರಲಿಲ್ಲ, ಟೈರಿನ ಮಿತಿಯೂ ದಾಟಿರಲಿಲ್ಲ, ಆದ್ರೆ ಗಾಡಿ ಮೇಲೆ 630 ಪೌಂಡು ಜಾಸ್ತಿ. 11,000 ಎಳೆಯೋಕೆ ಅದಕ್ಕೆ ಏನೂ ಕಷ್ಟ ಇರಲಿಲ್ಲ. ಕಷ್ಟ ಇದ್ದಿದ್ದು ಅದರಲ್ಲಿ 2,200 ಪೌಂಡನ್ನ ಬೆನ್ನ ಮೇಲೆ ಹೊರೋದಕ್ಕೆ.

ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಬಿಳಿ-ಹಳದಿ ಸ್ಟಿಕ್ಕರ್ ಇರುತ್ತೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ. ಡ್ರೈವರೂ ಆ ಲೆಕ್ಕದಲ್ಲೇ ಬರ್ತಾನೆ. ಅದೇ ಪೇಲೋಡ್. ನನ್ನ ರಾಮ್‌ದು 2,052. ಫೋರ್ಡ್‌ದು 2,410. ಇದನ್ನ ನೋಡಿ ಫೋರ್ಡ್ ಗೆದ್ದಿತು ಅಂತ ಕುಣೀಬೇಡಿ. ರಾಮ್‌ನಲ್ಲಿ ನಾನು ಸನ್‌ರೂಫು, ಚರ್ಮದ ಸೀಟು, ಆ ಸೀಟಿಗೆ ಬಿಸಿ, ಗಾಳಿ, ಹಾಳುಮೂಳು ಎಲ್ಲ ಹಾಕಿಸಿದ್ದೆ. ಫೋರ್ಡ್ ಬಟ್ಟೆ ಸೀಟಿನದು. ಒಟ್ಟು ಮಿತಿ 10,000 ಅಂತ ಗೆರೆ ಎಳೆದಿರೋವಾಗ ಗಾಡಿಗೆ ಹಾಕಿಸಿದ ಪ್ರತಿ ಶೋಕಿಯೂ ಪೇಲೋಡಿಂದಲೇ ಕಡಿತ. ಡೀಸೆಲ್ ಎಂಜಿನ್ನೂ ಅಷ್ಟೇ. ಪೆಟ್ರೋಲಿಗಿಂತ ನೂರಾರು ಪೌಂಡ್ ಭಾರ, ಅದನ್ನೂ ನಿಮ್ಮ ಲೆಕ್ಕದಲ್ಲೇ ಕಳೀತಾರೆ. ಒಂದೇ ಕಂಪನಿಯ ಎರಡು ಗಾಡಿ ಪಕ್ಕಪಕ್ಕ ನಿಲ್ಲಿಸಿ ಸ್ಟಿಕ್ಕರ್ ಓದಿದ್ರೆ 400 ಪೌಂಡ್ ವ್ಯತ್ಯಾಸ ಕಾಣಿಸಬಹುದು.

ಈಗ ನಿಮ್ಮ ಲೆಕ್ಕ. ಫಿಫ್ತ್ ವೀಲ್‌ನಲ್ಲಿ ಟ್ರೇಲರ್ ತೂಕದ ಐದನೇ ಒಂದು ಭಾಗವೋ, ಅದಕ್ಕೂ ಸ್ವಲ್ಪ ಹೆಚ್ಚೋ ಗಾಡಿಗೆ ಸಿಕ್ಕಿಸೋ ಪಿನ್ ಮೇಲೆ, ಅಂದ್ರೆ ಗಾಡಿಯ ಬೆನ್ನ ಮೇಲೆ ಕೂರುತ್ತೆ. ಖಾಲಿ ತೂಕ ಮರೆತುಬಿಡಿ, ಯಾರೂ ಖಾಲಿ ಕ್ಯಾಂಪರ್ ತಗೊಂಡು ಹೋಗಲ್ಲ. ಪಾತ್ರೆ, ನೀರು, ಅಕ್ಕಿ ಚೀಲ, ಮಕ್ಕಳ ಸೈಕಲ್ ಸೇರಿ 12,000 ಅಂದ್ಕೊಳ್ಳಿ. ಪಿನ್ 2,400. ಅದನ್ನ ಹಿಡಿಯೋ ಹಿಚ್ಚು 180. ನೀವು ನಾಲ್ಕು ಜನ, ನಾಯಿ ಸೇರಿ 520 ಅಂತ ಹಿಡೀರಿ. 3,100 ಆಯ್ತು. ರಾಮ್ 2500 ತಗೋಬೇಕಾ, ಎಫ್-250 ತಗೋಬೇಕಾ ಅಂದ್ರಿ. ಎರಡೂ ಬೇಡ. ಒಂದು ಸಂಖ್ಯೆ ಮೇಲೆ ಹೋಗಿ. ರಾಮ್ 3500 ಅಥವಾ ಎಫ್-350, ಹಿಂದೆ ಒಂಟಿ ಚಕ್ರದ್ದೇ ಸಾಕು. ಎಂಜಿನ್ ಅದೇ, ಉದ್ದಗಲ ಹೆಚ್ಚುಕಮ್ಮಿ ಅದೇ, ಹೊರೋ ಶಕ್ತಿ ಬೇರೆ.

ಹಿಂದಿನ ಸಸ್ಪೆನ್ಷನ್ನೂ ಇದಕ್ಕೇ ಸಂಬಂಧ. ರಾಮ್ 2500ಗೆ ಹಿಂದೆ ಕಾಯಿಲ್ ಸ್ಪ್ರಿಂಗ್, 3500ಗೆ ಲಾರಿ ತರಹ ಪಟ್ಟೆ. ಫೋರ್ಡ್‌ಗೆ 250ರಲ್ಲೂ ಪಟ್ಟೆಯೇ. ಖಾಲಿ ಓಡಿಸಿದ್ರೆ ಕಾಯಿಲ್ ಸುಖ. ನಮ್ಮ ಮನೆ ಮುಂದಿನ ಮಣ್ಣು ರಸ್ತೆ ಬೇಸಿಗೇಲಿ ಬಟ್ಟೆ ಒಗೆಯೋ ಹಲಗೆ ತರಹ ಅಲೆ ಅಲೆ ಆಗುತ್ತೆ. ರಾಮ್‌ನಲ್ಲಿ ಹೆಂಡತಿ ಕಾಫಿ ಕುಡೀತಾ ಹೋಗ್ತಿದ್ದಳು. ಫೋರ್ಡ್‌ನಲ್ಲಿ ಕಾಫಿ ಅವಳನ್ನ ಕುಡಿಯುತ್ತೆ. ಹುಲ್ಲು ತುಂಬಿದ ಮೇಲೆ ಕಥೆ ತಿರುವುಮುರುವು. ಫೋರ್ಡ್ ನೆಟ್ಟಗೆ ನಿಲ್ಲುತ್ತೆ, ಪಕ್ಕದಿಂದ ಸೆಮಿ ಹೋದ್ರೂ ಅಲ್ಲಾಡಲ್ಲ.

ಇಳಿಜಾರಿನ ವಿಷಯ ಹೇಳದೇ ಇದ್ರೆ ಅಪ್ಪನಿಗೆ ಅವಮಾನ. ಅವರು ಶಿರಾಡಿ ಘಾಟಿ ಇಳಿಯೋವಾಗ ಕ್ಲೀನರ್ ಹುಡುಗ ಚಕ್ರಕ್ಕೆ ಕೊಡೋ ಅಡ್ಡಗಟ್ಟೆ ಮಡಿಲಲ್ಲಿಟ್ಕೊಂಡು ಬಾಗಿಲ ಹತ್ತಿರ ರೆಡಿ ಕೂತಿರ್ತಿದ್ದ. ಈ ಎರಡು ಗಾಡಿಯಲ್ಲೂ ಎಕ್ಸಾಸ್ಟ್ ಬ್ರೇಕ್ ಇದೆ. ಟರ್ಬೊ ಒಳಗಿನ ದಾರಿ ಕಿರಿದು ಮಾಡಿ ಹೊಗೆ ಹೊರಗೆ ಹೋಗೋದನ್ನ ತಡೆಯುತ್ತೆ, ಎಂಜಿನ್ನೇ ಗಾಡಿಯನ್ನ ಹಿಡಿದು ನಿಲ್ಲಿಸುತ್ತೆ. ರಾಮ್‌ನಲ್ಲಿ ಬಟನ್ ಒತ್ತಿ, ಭಾರ ಎಳೆಯೋವಾಗಿನ ಟೋ-ಹಾಲ್ ಮೋಡ್ ಹಾಕಿ ಪೊಂಚಾ ಪಾಸ್ ಇಳಿದ್ರೆ, ಕಡಸಿನ ಬಾಲ ಹಿಡಿದು ಹಿಂದಕ್ಕೆ ಎಳೆದ ಹಾಗೆ. ಕೆಳಗೆ ಬರೋವರೆಗೆ ನಾಲ್ಕೈದು ಸಲ ಮಾತ್ರ ಬ್ರೇಕ್ ಮುಟ್ಟಿರ್ತೀನಿ. ಫೋರ್ಡ್‌ದೂ ಕೆಲಸ ಮಾಡುತ್ತೆ, ತಾನೇ ಗೇರು ಇಳಿಸಿಕೊಂಡು ಹಿಡಿಯುತ್ತೆ, ಆದ್ರೆ ಆ ಎಳೆತದ ಭರವಸೆ ಕಮಿನ್ಸ್‌ನಲ್ಲೇ ನನಗೆ ಹೆಚ್ಚು. ಇದು ಅಳತೆಯಲ್ಲ, ಬಲಗಾಲಿನ ಅಭಿಪ್ರಾಯ. ಕೆಳಗೆ ತಲುಪಿದ ಮೇಲೆ ಇಳಿದು ಟ್ರೇಲರ್ ಚಕ್ರದ ಹತ್ತಿರ ಅಂಗೈ ಹಿಡಿದು ನೋಡ್ತೀನಿ. ಹೊಗೆ ವಾಸನೆ ಇಲ್ಲ, ಬರೀ ಬೆಚ್ಚಗೆ ಇದ್ರೆ ಸರಿ.

ಸಣ್ಣಪುಟ್ಟದ್ದು. ಮೈಲೇಜ್: ಖಾಲಿ ಹೈವೇಲಿ ರಾಮ್ 19, ಫೋರ್ಡ್ 18. ಹುಲ್ಲು ಹೊತ್ತರೆ ಎರಡೂ 10ರ ಆಸುಪಾಸು. ಶೋರೂಮ್ ಸ್ಟಿಕ್ಕರಲ್ಲಿ ಮೈಲೇಜ್ ಹುಡುಕಬೇಡಿ, ಇಷ್ಟು ತೂಕದ ಗಾಡಿಗೆ ಬರೆಯೋದಿಲ್ಲ. ಟ್ಯಾಂಕು ರಾಮ್‌ದು 31 ಗ್ಯಾಲನ್, ಫೋರ್ಡ್‌ದು 34. ಎಂಜಿನ್ ಆಯಿಲ್ 12 ಕ್ವಾರ್ಟ್, 13 ಕ್ವಾರ್ಟ್. ಡೀಸೆಲ್ ಫಿಲ್ಟರ್ ಎರಡರಲ್ಲೂ ಎರಡೆರಡು. ಕಾರಿನ ಸರ್ವಿಸ್ ಬಿಲ್ ನೋಡಿ ಅಭ್ಯಾಸ ಇರೋರು ಮೊದಲ ಬಿಲ್ ಬಂದಾಗ ಕೂತ್ಕೊಂಡು ಓದಿ.

ಇನ್ನೊಂದು. ಫೋರ್ಡ್ ಮೈ 2017ರಿಂದ ಅಲ್ಯೂಮಿನಿಯಂ. ತುಕ್ಕು ಹಿಡಿಯಲ್ಲ ಅಂತ ನಾನು ಖುಷಿಯಾಗಿದ್ದೆ. ಹೆಂಡತಿ ಶನಿವಾರ ಸಂತೆಗೆ ಹೊರಡುವಾಗ ಸೋಪಿನ ಹೆಸರಿರೋ ಮ್ಯಾಗ್ನೆಟ್ ಬೋರ್ಡು ಬಾಗಿಲಿಗೆ ಅಂಟಿಸೋಕೆ ಹೋದಳು. ಟಪ್ ಅಂತ ಕೆಳಗೆ ಬಿತ್ತು. ಎತ್ತಿ ಅಂಟಿಸಿದಳು, ಮತ್ತೆ ಬಿತ್ತು. ಅವಳು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಈಗ ಬೋರ್ಡು ಟ್ರೇಲರ್ ಮೇಲಿದೆ.

ಪೆಟ್ರೋಲ್ ಪಾರ್ಟಿ:

ಗುರುವೇ, ವರ್ಷಕ್ಕೆ ಎರಡು ಟ್ರಿಪ್ಪು, ಉಳಿದದ್ದು ಸ್ಕೂಲು ಮತ್ತು ಕಾಸ್ಟ್ಕೋ ಅಂತಿದಾರೆ. ಇದಕ್ಕೆ ಡೀಸೆಲ್ ಯಾಕೆ? ಫೋರ್ಡ್‌ನಲ್ಲೇ 7.3 ಲೀಟರ್ ಪೆಟ್ರೋಲ್ ವಿ-8 ಇದೆ, 430 ಎಚ್‌ಪಿ. ಎಂಜಿನ್ ಹಗುರ, ಪೇಲೋಡ್ ಜಾಸ್ತಿ, ಡೀಸೆಲ್ ಹೊಗೆ ಶುದ್ಧ ಮಾಡೋ ಡಿಇಎಫ್ ಇಲ್ಲ, ಡಿಪಿಎಫ್ ಇಲ್ಲ, ತಲೆನೋವಿಲ್ಲ. ಕೊಳ್ಳುವಾಗಲೇ ಸಾವಿರಾರು ಡಾಲರ್ ಉಳಿಯುತ್ತೆ. ಆ ಉಳಿದ ದುಡ್ಡಲ್ಲಿ ಎಷ್ಟು ವರ್ಷದ ಪೆಟ್ರೋಲ್ ಹಾಕಿಸಬಹುದು ಲೆಕ್ಕ ಹಾಕಿ.

ಹುಲ್ಲಿನ ಲೋಡು:

ಅರ್ಧ ಒಪ್ತೀನಿ. ಟೆಕ್ಸಾಸ್ ಒಳಗೇ ಸುತ್ತಾಡೋದಾದ್ರೆ ನೀವು ಹೇಳಿದ್ದೇ ಸರಿ. ಆದ್ರೆ ಅವರು ನಮ್ಮ ಕಡೆ ಬೆಟ್ಟಕ್ಕೆ ಬರ್ತಾರಂತೆ. ಟರ್ಬೊ ಇಲ್ಲದ ಎಂಜಿನ್‌ಗೆ ಪ್ರತಿ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಉಸಿರು ಕಮ್ಮಿ ಆಗುತ್ತೆ. ಐಸೆನ್‌ಹೋವರ್ ಸುರಂಗ 11,000 ಅಡಿ ಮೇಲಿದೆ. ಅಲ್ಲಿ ನಿಮ್ಮ 430 ಸುಮಾರು 290-300 ಆಗಿರುತ್ತೆ, ಹಿಂದೆ 12,000 ಪೌಂಡ್. ಹತ್ತುತ್ತೆ, ಹತ್ತಲ್ಲ ಅಂತಲ್ಲ. ಕಿರುಚಿಕೊಂಡು ಹತ್ತುತ್ತೆ. ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ ಇರಲ್ಲ, ಬರೀ ಗೇರು ಮತ್ತು ಬ್ರೇಕು. ನನಗೆ ಅಂಜಿಕೆ ಇರೋದು ಹತ್ತೋದರಲ್ಲಲ್ಲ.

ಆದ್ರೆ ಸ್ಕೂಲಿನ ಮಾತು ನೀವೆತ್ತಿದ್ದು ಒಳ್ಳೇದಾಯ್ತು, ನಾನು ಮರೆತಿದ್ದೆ. ಡೀಸೆಲ್ ಗಾಡೀಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಅದೇ ಡಿಪಿಎಫ್. ಅದು ತುಂಬಿದಾಗ ಗಾಡಿ ತಾನೇ ಇಂಧನ ಸುಟ್ಟು ಬಿಸಿ ಮಾಡಿ ಮಸಿಯನ್ನ ಬೂದಿ ಮಾಡುತ್ತೆ. ಅದಕ್ಕೆ ಹೈವೇಲಿ ಇಪ್ಪತ್ತು-ಮೂವತ್ತು ನಿಮಿಷ ಓಡಬೇಕು. ದಿನಾ ಎರಡು ಮೈಲಿ ಸ್ಕೂಲಿಗೆ ಹೋಗಿ ಆಫ್ ಮಾಡಿದ್ರೆ ಆ ಸುಡೋ ಕೆಲಸ ಅರ್ಧಕ್ಕೆ ನಿಲ್ಲುತ್ತೆ, ಮತ್ತೆ ಶುರು, ಮತ್ತೆ ಅರ್ಧ. ಹಸಿ ಸೌದೆ ಒಲೆ ತರಹ. ಸ್ಕೂಲಿಗೆ ಹೆಂಡತಿ ಕಾರು ಇಟ್ಕೊಳ್ಳಿ. ಈ ಗಾಡಿಯನ್ನ ವಾರಕ್ಕೊಂದು ಸಲ ದೂರ ಓಡಿಸಿ.

ನನ್ನ ಎರಡು ಗಾಡಿಯಲ್ಲಿ ಒಂದಕ್ಕೆ, ಯಾವುದು ಅಂತ ಹೇಳಲ್ಲ, ಹೊಗೆಕೊಳವೆಯ ಸೆನ್ಸರ್ ಒಂದು ಹೋಗಿ, ಇನ್ನಿಷ್ಟು ಮೈಲಿ ಆದ್ಮೇಲೆ ಸ್ಪೀಡು ಕಮ್ಮಿ ಮಾಡ್ತೀನಿ ಅಂತ ಡ್ಯಾಶ್‌ಬೋರ್ಡಲ್ಲಿ ಎಣಿಕೆ ಶುರುವಾಯ್ತು. ಡೀಲರ್ ಹತ್ತಿರ ಪಾರ್ಟು ಇಲ್ಲ. ಹನ್ನೊಂದು ದಿನ ಗಾಡಿ ಅವರ ಅಂಗಳದಲ್ಲಿ ನಿಂತಿತ್ತು, ಆಡುಗಳಿಗೆ ಪಕ್ಕದ ಮನೆಯವರಿಂದ ಹುಲ್ಲು ಸಾಲ ತಂದೆ. ಇಂಥದ್ದು ಎರಡು ಪಂಗಡದವರಿಗೂ ಆಗುತ್ತೆ. ಹಾಗಾಗಿ ನಿಮ್ಮ ಮನೆಗೆ ಯಾವ ಸರ್ವಿಸ್ ಸೆಂಟರ್ ಹತ್ತಿರ, ಅಲ್ಲಿ ಡೀಸೆಲ್ ಕೆಲಸ ಗೊತ್ತಿರೋ ಮೆಕ್ಯಾನಿಕ್ ಎಷ್ಟು ಜನ ಇದಾರೆ ಅಂತ ಮೊದಲು ವಿಚಾರಿಸಿ. ರಾಮ್ ಮಾರಿದ್ದಕ್ಕೆ ನನ್ನ ನಿಜವಾದ ಕಾರಣ ಕೇಳಿದ್ರೆ ನಗ್ತೀರಿ. ನಮ್ಮ ಕೌಂಟಿ ಹತ್ತಿರ ಒಬ್ಬ ಒಳ್ಳೇ ಡೀಸೆಲ್ ಮೆಕ್ಯಾನಿಕ್ ಅಂಗಡಿ ತೆಗೆದ, ಅವನ ಕೈ ಪಳಗಿರೋದು ಫೋರ್ಡ್ ಎಂಜಿನ್ ಮೇಲೆ.

ಆಸ್ಟಿನ್ ಹುಡುಗ:

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಕುಕ್ಕರಗಾಲು ಓದಿ ಹೆಂಡತಿ ಬಿದ್ದು ಬಿದ್ದು ನಕ್ಕಳು. ಇನ್ನೊಂದು ಪ್ರಶ್ನೆ. ಇಲ್ಲಿ ಒಬ್ಬರು 2016ರ 3500 ಮಾರ್ತಾ ಇದಾರೆ, ರೇಟು ತುಂಬಾ ಕಮ್ಮಿ. ಡಿಪಿಎಫ್, ಡಿಇಎಫ್ ಎಲ್ಲ ತೆಗೆಸಿ "ಡಿಲೀಟ್" ಮಾಡಿಸಿದೀನಿ, ಇನ್ನು ಯಾವ ತಲೆನೋವೂ ಬರಲ್ಲ ಅಂತಾರೆ. ತಗೋಬಹುದಾ? ಮತ್ತೆ ಈ ಡಿಇಎಫ್ ಅಂದ್ರೆ ನಿಜವಾಗ್ಲೂ ಏನು?

ಹುಲ್ಲಿನ ಲೋಡು:

ಬೇಡ. ಅದನ್ನ ತೆಗೆಸೋದು ಫೆಡರಲ್ ಕ್ಲೀನ್ ಏರ್ ಆಕ್ಟ್ ಪ್ರಕಾರವೇ ತಪ್ಪು. ಟೆಕ್ಸಾಸ್ ಪೊಲೀಸ್ ಹಿಡಿಯಲ್ಲ, ಯಾರೂ ಕೇಳಲ್ಲ ಅಂತಾರೆ. ನಾಳೆ ನೀವು ಮಾರೋಕೆ ಹೋದಾಗ ಕೇಳ್ತಾರೆ. ಡೀಲರ್ ಎಕ್ಸ್‌ಚೇಂಜಿಗೆ ತಗೊಳ್ಳೋಕೆ ಹಿಂದೆಮುಂದೆ ನೋಡ್ತಾನೆ, ವಾಪಸ್ ಮೊದಲಿನ ಹಾಗೆ ಮಾಡಿಸಿ ಅಂತಾನೆ, ಅದರ ಖರ್ಚು ಕೇಳಿದ್ರೆ ಎದೆ ಹಿಡ್ಕೋತೀರಿ. ಈ ಹೊಗೆಯ ಲೆಕ್ಕವನ್ನ ಸರ್ಕಾರ ಎಷ್ಟು ಗಂಭೀರವಾಗಿ ತಗೊಳ್ಳುತ್ತೆ ಅನ್ನೋಕೆ ಕಮಿನ್ಸ್ ಕಂಪನಿಯೇ ಸಾಕ್ಷಿ. ರಾಮ್ ಪಿಕಪ್‌ಗಳ ಹೊಗೆ ನಿಯಂತ್ರಣದ ಸಾಫ್ಟ್‌ವೇರ್ ವಿಷಯಕ್ಕೆ 167.5 ಕೋಟಿ ಡಾಲರ್ ದಂಡ ಕಟ್ಟೋಕೆ ಅವರು ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ. ಅಷ್ಟು ದೊಡ್ಡ ಕಂಪನಿಯನ್ನೇ ಬಿಟ್ಟಿಲ್ಲ.

ಡಿಇಎಫ್ ಅಂದ್ರೆ ಯೂರಿಯಾ ನೀರು. ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ಅದನ್ನ ಹೊಗೆಗೆ ಸಿಂಪಡಿಸಿದ್ರೆ ನೈಟ್ರೋಜನ್ ಆಕ್ಸೈಡ್‌ಗಳು ಬರೀ ನೈಟ್ರೋಜನ್ನೂ ನೀರಾವಿಯೂ ಆಗಿ ಹೋಗುತ್ತೆ. ನೀಲಿ ಮುಚ್ಚಳದ ಬಾಯಿ ಅದರದ್ದು. ಎರಡು ಗಾಡಿಯಲ್ಲೂ ಒಂದೇ ಸಣ್ಣ ಬಾಗಿಲ ಹಿಂದೆ ಡೀಸೆಲ್ ಬಾಯಿ, ಡಿಇಎಫ್ ಬಾಯಿ ಅಕ್ಕಪಕ್ಕ ಇರುತ್ತೆ. ಇದನ್ನ ಮನೆಗೆ ಬರೋ ನೆಂಟರಿಗೆಲ್ಲ ತೋರಿಸಿಡಿ.

ಯಾಕೆ ಅಂದ್ರೆ, ಊರಿಂದ ಭಾವಮೈದ ಬಂದಿದ್ದ. ಒಳ್ಳೆ ಹುಡುಗ, ಕೂತಲ್ಲಿ ಕೂರಲ್ಲ. ನಾನು ಬಂಕ್ ಒಳಗೆ ದುಡ್ಡು ಕೊಡೋಕೆ ಹೋಗಿದ್ದೆ. ಹಿಂದೆ ಇಟ್ಟಿದ್ದ ಡಿಇಎಫ್ ಡಬ್ಬ ನೋಡಿ, ಭಾವನಿಗೆ ಯಾಕೆ ಕೆಲಸ ಅಂತ ತಾನೇ ಎತ್ತಿ ಸುರೀತಿದಾನೆ. ಡೀಸೆಲ್ ಬಾಯಿಗೆ! ಗಾಜಿನ ಬಾಗಿಲಿಂದ ನೋಡಿದವನು ಚಿಲ್ಲರೆ ಅಲ್ಲೇ ಬಿಟ್ಟು ಓಡಿದೆ. ಎರಡು ಚೊಂಬಿನಷ್ಟು ಹೋಗಿತ್ತು. ಆ ನೀರು ಡೀಸೆಲ್ ಜೊತೆ ಸೇರಲ್ಲ, ಪಂಪಿಗೆ ಇಂಜೆಕ್ಟರ್‌ಗೆ ಹೋದ್ರೆ ಇಡೀ ಇಂಧನ ಲೈನು ತಿಪ್ಪೆಗೆ, ಸಾವಿರಾರು ಡಾಲರ್. ಪುಣ್ಯಕ್ಕೆ ಕೀ ನನ್ನ ಜೇಬಲ್ಲಿತ್ತು. ಕೀ ತಿರುಗಿಸೋದಿರಲಿ, ಬಾಗಿಲೂ ತೆಗೀಲಿಲ್ಲ. ಟೋ ಟ್ರಕ್ ಕರೆಸಿ, ಟ್ಯಾಂಕ್ ಇಳಿಸಿ ತೊಳೆಸಿದೆ. ಭಾವಮೈದ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ, ಪಾಪ. ಈಗ ಡೀಸೆಲ್ ಬಾಯಿ ಪಕ್ಕ ಕನ್ನಡದಲ್ಲೇ ಬರೆದು ಅಂಟಿಸಿದೀನಿ: "ಇಲ್ಲಿ ಬೇಡ".

ಆಲ್ಬರ್ಟಾ ಚಳಿ:

ತಡವಾಗಿ ಬಂದೆ. ನಾನು ಕೆನಡಾದಲ್ಲಿ, ಎಡ್ಮಂಟನ್ ಉತ್ತರಕ್ಕೆ. ನನ್ನ ಹತ್ತಿರ ಕಮಿನ್ಸ್ ಇದೆ, ಕೆಲಸದ ಕಡೆ ಫೋರ್ಡ್ ಕೊಡ್ತಾರೆ. ಮೈನಸ್ 30ರಲ್ಲಿ ಎರಡೂ ಸ್ಟಾರ್ಟ್ ಆಗುತ್ತೆ, ರಾತ್ರಿ ಎಂಜಿನ್ ಬೆಚ್ಚಗಿಡೋ ಬ್ಲಾಕ್ ಹೀಟರ್ ವೈರು ಕರೆಂಟಿಗೆ ಸಿಕ್ಕಿಸಿದ್ರೆ. ಸಿಕ್ಕಿಸದಿದ್ರೆ ಎರಡೂ ಹಲ್ಲು ಕಡಿಯುತ್ತೆ. ನನ್ನ ಕಮಿನ್ಸ್‌ನಲ್ಲಿ ಒಳಗೆ ಹೋಗೋ ಗಾಳಿಯನ್ನ ಬಿಸಿ ಮಾಡೋ ಗ್ರಿಡ್ ಇದೆ, ಫೋರ್ಡ್‌ನಲ್ಲಿ ಪ್ರತಿ ಸಿಲಿಂಡರ್‌ಗೆ ಗ್ಲೋ ಪ್ಲಗ್. ಯಾವುದಾದ್ರೂ ಡ್ಯಾಶಲ್ಲಿ ಸುರುಳಿ ಲೈಟ್ ಆರೋವರೆಗೆ ಕಾಯಬೇಕು. ಅವಸರದವರಿಗೆ ಡೀಸೆಲ್ ಅಲ್ಲ.

ಡಿಇಎಫ್ ಮೈನಸ್ 11ಕ್ಕೇ ಗಟ್ಟಿಯಾಗುತ್ತೆ, ಹೆದರಬೇಡಿ, ಟ್ಯಾಂಕಲ್ಲಿ ಹೀಟರ್ ಇದೆ, ಕರಗೋವರೆಗೆ ಗಾಡಿ ಓಡೋಕೆ ಬಿಡುತ್ತೆ. ಹೆದರಬೇಕಾಗಿರೋದು ಡೀಸೆಲ್‌ಗೆ. ಆಸ್ಟಿನ್‌ನಲ್ಲಿ ತುಂಬಿಸಿದ ಡೀಸೆಲ್ ತಗೊಂಡು ಡಿಸೆಂಬರ್‌ನಲ್ಲಿ ಬೆಟ್ಟ ಹತ್ತಿದ್ರೆ ರಾತ್ರಿ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತೆ, ಚಳಿಗೆ ತೆಂಗಿನೆಣ್ಣೆ ಬಾಟಲಿ ಆದ ಹಾಗೆ. ದಾರೀಲಿ ಅರ್ಧ ಖಾಲಿ ಮಾಡ್ಕೊಂಡು ಬಂದು, ಚಳಿ ಇರೋ ಊರಿನ ಬಂಕಲ್ಲಿ ತುಂಬಿಸಿ.

ಇನ್ನೊಂದು ವಿಷಯ, ಟೆಕ್ಸಾಸ್‌ನಲ್ಲಿ ಮೊದಲು ಇದ್ದವನು ನಾನು. ಗಾಡಿ ಮಿತಿ, ಟ್ರೇಲರ್ ಮಿತಿ ಕೂಡಿಸಿ 26,000 ಪೌಂಡ್ ದಾಟಿದ್ರೆ ಅಲ್ಲಿ ಮಾಮೂಲಿ ಲೈಸೆನ್ಸ್ ಸಾಲಲ್ಲ, ಕ್ಲಾಸ್ ಎ ಬೇಕು. ಒಂಟಿ ಚಕ್ರದ 350ಗೆ ತೊಂದರೆ ಇಲ್ಲ. ಹಿಂದೆ ಜೋಡಿ ಚಕ್ರದ ಗಾಡಿ ಚೆನ್ನಾಗಿದೆ ಅಂತ ಆಸೆಪಟ್ರೆ ಮೊದಲು ಕೂಡಿಸಿ ನೋಡಿ.

ಆಸ್ಟಿನ್ ಹುಡುಗ:

ಇವತ್ತು ಹೋಗಿ ಬಂದೆ. ಮೊದಲು ನೋಡಿದ್ದ ಎಫ್-250ಯ ಬಾಗಿಲು ತೆಗೆದು ಸ್ಟಿಕ್ಕರ್ ಓದಿದೆ: 2,118. ಅದರ ಮೇಲೆ ಸನ್‌ರೂಫು, ಚರ್ಮದ ಸೀಟು, ಎಲ್ಲ ಇದೆ. ಸೇಲ್ಸ್‌ನವನು, ಸಾರ್ ಇದು 15,000 ಪೌಂಡ್ ಆರಾಮಾಗಿ ಎಳೆಯುತ್ತೆ ಅಂತ ಮತ್ತೆ ಮತ್ತೆ ಹೇಳ್ತಿದ್ದ. ಎಳೆಯುತ್ತೆ ಗೊತ್ತು, ಹೊರುತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಲಾಟ್ ಹಿಂದುಗಡೆ ಒಂದು ಎಫ್-350 ಇದೆ, ತೋರಿಸಲಾ ಅಂದ. ಬಟ್ಟೆ ಸೀಟು, ಬಿಳಿ ಬಣ್ಣ, ಯಾವುದೋ ಕಾಂಟ್ರಾಕ್ಟರ್ ಓಡಿಸಿದ್ದು. ಸ್ಟಿಕ್ಕರ್ 3,740. ಮೈಲಿ 62,000. ಇಡೀ ಒಳಗೆ ಸಿಮೆಂಟ್ ವಾಸನೆ.

ರಾಮ್ 3500 ಒಂದೂ ಸಿಗಲಿಲ್ಲ ಹತ್ತಿರದಲ್ಲಿ. ಈ ಫೋರ್ಡ್‌ನಲ್ಲಿ ಏನೇನು ನೋಡಬೇಕು ಹೇಳಿ ಅಣ್ಣ, ಶನಿವಾರ ಮತ್ತೆ ಹೋಗ್ತಿದೀನಿ.

ಹುಲ್ಲಿನ ಲೋಡು:

ಬೆಳಿಗ್ಗೆ ಎಂಜಿನ್ ತಣ್ಣಗಿರೋವಾಗ ಹೋಗಿ. ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿಡಬೇಡಿ ಅಂತ ಫೋನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ, ಬೆಚ್ಚಗಿದ್ರೆ ಯಾಕೆ ಅಂತ ಕೇಳಿ. ಕೂಲೆಂಟ್ ಡಬ್ಬ ತೆಗೆದು ನೋಡಿ, ಮೇಲೆ ಎಣ್ಣೆ ಜಿಡ್ಡು ತೇಲ್ತಿರಬಾರದು. ಡೀಸೆಲ್ ಫಿಲ್ಟರ್ ಯಾವಾಗ ಬದಲಾಯಿಸಿದ್ರು ಅನ್ನೋಕೆ ಚೀಟಿ ಕೇಳಿ. ಆಯಿಲ್ ಚೀಟಿ ಎಲ್ಲರೂ ಇಟ್ಟಿರ್ತಾರೆ, ಫಿಲ್ಟರ್ ಚೀಟಿ ಇಟ್ಟಿರೋನು ಗಾಡಿ ಸಾಕಿದೋನು. ಕೆಳಗೆ ನುಗ್ಗಿ ಹೊಗೆಕೊಳವೆ ಉದ್ದಕ್ಕೂ ನೋಡಿ, ಡಿಪಿಎಫ್ ಡಬ್ಬ ಇರಬೇಕಾದ ಕಡೆ ಹೊಸ ನೇರ ಪೈಪು ಹೊಳೀತಿದ್ರೆ ಎದ್ದು ಬನ್ನಿ. ಟೈರಿನ ಮೇಲೆ "ಇ" ಅಂತ ಲೋಡ್ ಗುರುತು ಇರಬೇಕು. ಹಿಂದೆ ಬೆಡ್ ನೆಲದ ಮಧ್ಯ ಗೂಸ್‌ನೆಕ್ ತೂತು ಇದ್ರೆ ಅದರ ಸುತ್ತ ಬಿರುಕು ಇದೆಯಾ ಟಾರ್ಚ್ ಹಾಕಿ ನೋಡಿ. ಕಾಂಟ್ರಾಕ್ಟರ್ ಗಾಡಿ ಅಂತಿದೀರಿ, ಎಷ್ಟು ಹೊತ್ತಿದೆಯೋ ಯಾರಿಗೆ ಗೊತ್ತು.

ಆಮೇಲೆ ಇಪ್ಪತ್ತು ನಿಮಿಷ ಹೈವೇಲಿ ಓಡಿಸಿ. ಹೆಂಡತಿಯನ್ನೂ ಕರ್ಕೊಂಡು ಹೋಗಿ, ಖಾಲಿ 350 ಎಷ್ಟು ಕುಣಿಯುತ್ತೆ ಅಂತ ಅವರಿಗೂ ಈಗಲೇ ಗೊತ್ತಾಗ್ಲಿ. ಸಿಮೆಂಟ್ ವಾಸನೆಗೆ ನಮ್ಮನೆ ಸೋಪು ಕಳಿಸ್ತೀನಿ.